ಬೆಂಕಿಕಡ್ಡಿಗೆ ಸುತ್ತಿದ ಎಳೆ

ಇವತ್ತು ತಮಾಲೆಯಲ್ಲಿ
ಪ್ರೊಫೆಸರ್ ಸಹಾದಾ ಅಜಿಂಡೋ ಅವರಿಗೆ ಬೀಳ್ಕೊಡುಗೆ.
ಮಾನಪತ್ರ ಓದುತ್ತಿದ್ದಾರೆ: ಇಷ್ಟು ಪ್ರಬಂಧ,
ಇಷ್ಟು ಶಿಷ್ಯರು, ಇಷ್ಟು ದೇಶಗಳ ಸಮಿತಿ.
ನಾನು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ,
ಇಪ್ಪತ್ತಾರು ವರ್ಷ ಅವರ ಜೀಪು ಓಡಿಸಿದ ಯಿದಾನಾ.
ಮಾನಪತ್ರದಲ್ಲಿ ಜೀಪಿನ ಮಾತಿಲ್ಲ. ಇರಲಿ.
ಎರಡು ಸಲ ಎಂಜಿನ್ ಬದಲಾಯಿತು, ದಾರಿ ಬದಲಾಗಲಿಲ್ಲ.

ಮೊದಲ ಸಲ ಹೊರಟಾಗ ಹರ್ಮಟ್ಟಾನ್ ಗಾಳಿ.
ಧೂಳು ಹಲ್ಲಿನ ಸಂದಿಗೂ ಇಳಿದಿತ್ತು.
ಹೊರದೇಶದಲ್ಲಿ ಓದಿ ಬಂದ ಹೆಣ್ಣುಮಗಳು,
ನನ್ನ ಲೆಕ್ಕದಲ್ಲಿ ಆರು ತಿಂಗಳ ಗಿರಾಕಿ.
ಹೆಗ್ಗೆಣಸು ಅಗೆಯುವ ಹೊತ್ತಿನಲ್ಲಿ
ಊರಿಗೆ ಊರೇ ಕಾಲು ಚಾಚಿ ಕೂತಿತ್ತು.
ನಾರುಹುಣ್ಣು.
ಹಿಮ್ಮಡಿಯಿಂದ, ಮೊಣಕಾಲಿನಿಂದ, ಒಬ್ಬ ಬಾಣಂತಿಯ ಮೊಲೆಯಿಂದ
ಬಿಳಿ ದಾರದ ತುದಿ ಇಣುಕುತ್ತಿತ್ತು.

ಔಷಧಿ ಎಲ್ಲಿ ಅಂದರು ಅವರು. ಇಲ್ಲ ಅಂದರು ಇವರು.
ಬೆಂಕಿಕಡ್ಡಿ ಇದೆ. ನೀರು ಸೋಸಲು ಈ ಬಟ್ಟೆ ಇದೆ.
ತೊಗಲ ಮೇಲೆ ಕೂತ ಊರದೊರೆ
ಕೋಲಾ ಕಾಯಿ ಅಗಿಯುತ್ತ ನಕ್ಕ:
"ನಮ್ಮಜ್ಜನ ರಕ್ತದಲ್ಲೇ ಹುಳುವಿತ್ತು ಮಗಳೇ,
ಬಟ್ಟೆಯಲ್ಲಿ ರಕ್ತ ಸೋಸುತ್ತೀಯಾ?"

ವಾದಿಸಲಿಲ್ಲ. ಕೆರೆಗೆ ಹೋಗಿ
ಗಾಜಿನ ಲೋಟ ತುಂಬಿ ತಂದು ಬಿಸಿಲಿಗೆ ಹಿಡಿದರು.
ಒಳಗೆ ಚುಕ್ಕಿಗಳು ಕುಪ್ಪಳಿಸುತ್ತಿದ್ದವು.
ಮುದುಕ ಅಗಿಯುವುದು ನಿಲ್ಲಿಸಿದ.
ಆ ದಿನ ನಮಗೊಂದು ಗಿನಿಕೋಳಿ ಸಿಕ್ಕಿತು.
ತಮಾಲೆಯ ತನಕ ಸೀಟಿನ ಮೇಲೆ ಹಿಕ್ಕೆ ಹಾಕುತ್ತ ಬಂತು.

ದಿನಕ್ಕೆ ಎರಡು ಬೆರಳು, ಅಷ್ಟೇ.
ಕಡ್ಡಿಗೆ ಸುತ್ತು, ಕಟ್ಟು, ನಾಳೆ ಬಾ.
ಎಳೆದರೆ ಹರಿಯುತ್ತದೆ, ಹರಿದರೆ ಕಾಲೇ ಕೀವಾಗುತ್ತದೆ.
ಅವರ ಮದುವೆ ಮಾತ್ರ ಯಾರೋ ಎಳೆದ ರಭಸಕ್ಕೆ ಹರಿಯಿತು.
ನಾನು ಕೇಳಲಿಲ್ಲ.
ಒಮ್ಮೆ ಕನ್ನಡಿ ನೋಡಿದೆ, ಆಮೇಲೆ ರಸ್ತೆ ನೋಡಿದೆ.

ಬೇರೆ ಪ್ರೊಫೆಸರುಗಳಿಗೆ ಅಂಕಿ ಬೆಳೆಯಬೇಕು,
ಇವರಿಗೆ ಇಳಿಯಬೇಕು.
ನಾಲ್ಕು ಸಾವಿರ. ಒಂಬೈನೂರು. ಅರವತ್ತು. ಹನ್ನೊಂದು.
ಸೊನ್ನೆಗಾಗಿ ಕಾದು ಕೂತ ಹೆಂಗಸನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಒಂದು ವರ್ಷ ಸೊನ್ನೆ ಬಂದೇ ಬಂತು.
ರಾಜಧಾನಿಯಿಂದ ಫೋನು. ಸಮಾರಂಭಕ್ಕೆ ಹೊಸ ಉಡುಪು.
ಹಿಂದಿನ ಸಂಜೆ ಕುಕುವೋಯೀಲಿ ದಾಟುವಾಗ
ನಿಲ್ಲಿಸು, ಅಂದರು.
ಶಿಯಾ ಮರದಡಿ ಒಬ್ಬ ಹುಡುಗಿ
ಕಾಲನ್ನು ಬಟ್ಟೆಯೊಳಗೆ ಎಳೆದುಕೊಂಡಳು.
ಕಂಡದ್ದು ಅಷ್ಟೇ, ಎಳೆದುಕೊಂಡದ್ದು.
ಊರವರೇ ಬಚ್ಚಿಟ್ಟಿದ್ದರು,
ಪ್ರೊಫೆಸರಮ್ಮನಿಗೆ ಅವಮಾನ ಆಗಬಾರದೆಂದು.
ಫುಸೇನಾ. ಒಂಬತ್ತು ವರ್ಷ. ಎಡ ಹಿಮ್ಮಡಿ.

"ಯಾರಿಗೂ ಗೊತ್ತಾಗುವುದಿಲ್ಲ" ಅಂದೆ.
ಅಂದವನು ನಾನೇ, ಈಗಲೂ ನೆನಪಿದೆ.
ಅವರು ಬಾನೆಟ್ಟಿನ ಮೇಲೆ ದಫ್ತರ ಬಿಡಿಸಿ
ಸೊನ್ನೆಯ ಮೇಲೆ ಗೀಟು ಹಾಕಿ ಪಕ್ಕದಲ್ಲಿ ಒಂದು ಎಂದು ಬರೆದರು.
ಧೂಳಿಗೆ ಪೆನ್ನು ನಿಂತಿತು. ತಿರುಗಿ ಬರೆದರು.
ಸಮಾರಂಭ ರದ್ದು. ಮೂರು ವರ್ಷ ಹಣವೂ ಬರಲಿಲ್ಲ.
ಹತ್ತೊಂಬತ್ತು ದಿನ ಅಲ್ಲೇ ಇದ್ದೆವು.
ಫುಸೇನಾ ಅಳುವಾಗ ಇವರು ಮಗ್ಗಿ ಹಾಡುತ್ತಿದ್ದರು,
ಶ್ರುತಿಯೇ ಇಲ್ಲದ ಗಂಟಲಲ್ಲಿ.
ಅಳುತ್ತಲೇ ನಕ್ಕುಬಿಡುತ್ತಿತ್ತು ಮಗು.

ಆಮೇಲೆ ಬಂದ ಸೊನ್ನೆ ಸದ್ದು ಮಾಡಲಿಲ್ಲ.
ಹೊಲಕ್ಕೆ ನಡೆದುಹೋಗುವ ಕಾಲುಗಳಿಗೆ
ತಾವು ಉಳಿದ ಸುದ್ದಿ ಯಾರೂ ಹೇಳಿಲ್ಲ.

ಈಗ ಚಪ್ಪಾಳೆ. ನೆನಪಿನ ಕಾಣಿಕೆಯೆಂದು
ಹೆಸರು ಕೊರೆದ ಗಾಜಿನ ಹೂಜಿ ಕೊಡುತ್ತಿದ್ದಾರೆ.
ಫೋಟೋದವರು ಇತ್ತ ನೋಡಿ ಅನ್ನುತ್ತಿದ್ದಾರೆ.
ಅವರು ಇತ್ತ ನೋಡುತ್ತಿಲ್ಲ.
ಹೂಜಿಯನ್ನು ಕಿಟಕಿಯ ಬೆಳಕಿಗೆ ಎತ್ತಿ,
ಒಂದು ಕಣ್ಣು ಕಿರಿದು ಮಾಡಿ,
ಖಾಲಿಯೋ ಎಂದು ನೋಡುತ್ತಿದ್ದಾರೆ.